ಕಿಡಿ ಮುಟ್ಟಿಸಿದ ಕೈ

ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆ ಕಾಲಕ್ಕೆ ಯಾರ ಮನೆ ಎಲ್ಲಿದೆ ಎಂದು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಮೂಗೇ ದಾರಿ ತೋರಿಸುತ್ತಿತ್ತು. ಮೊದಲು ಚುರಮುರಿ ಹುರಿಯುವ ಮನೆ, ಆಮೇಲೆ ಗಾಣದ ಮನೆ, ಅದನ್ನು ದಾಟಿದರೆ ಜೋಳದ ರೊಟ್ಟಿಯ ಕಂಪೂ ವಾರ್ನಿಷಿನ ಘಾಟೂ ಒಂದೇ ಕಿಟಕಿಯಿಂದ ಹೊರಬೀಳುವ ಮನೆ. ಅದು ಉಮರಸಾಬರದು. ಗಂಗಾವತಿಯಿಂದ ಸೊಸೆಯಾಗಿ ಬಂದ ಇಮಾಮಬಾನುವಿಗೆ ಮೊದಲ ವಾರ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಆರು ತಿಂಗಳು ಕಳೆದು ತವರಿಗೆ ಹೋದಾಗ, ಅಲ್ಲಿನ ಬಿಸಿ ಅನ್ನದಲ್ಲಿ ಏನೋ ಕಡಿಮೆಯಿದೆ ಅನಿಸಿತು. ಏನೆಂದು ಅವ್ವನಿಗೆ ಹೇಳಲಿಲ್ಲ.

ಉಮರಸಾಬರು ಲಾರಿ, ಟ್ರ್ಯಾಕ್ಟರುಗಳ ಡೈನಮೋ ರಿಪೇರಿ ಮಾಡುತ್ತಿದ್ದರು. ಅವರಪ್ಪ ಹೆಗಲಿಗೆ ಬಿಲ್ಲು ಹಾಕಿಕೊಂಡು ಊರೂರು ತಿರುಗಿ ಹತ್ತಿ ಹಿಂಜಿದವರು. ಮಗ ತುಂಗಭದ್ರಾ ಡ್ಯಾಮು ಕಟ್ಟುವಾಗ ಅಲ್ಲಿನ ಗಾಡಿಗಳ ವರ್ಕ್‌ಶಾಪಿಗೆ ಕೂಲಿಗೆ ಹೋಗಿ, ಒಂದು ವಿದ್ಯೆ ಕಲಿತುಕೊಂಡು ಬಂದರು. ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವುದು, ಬ್ಯಾಟರಿ ತುಂಬುವುದು, ದೀಪ ಉರಿಸುವುದು ಡೈನಮೋದ ಕೆಲಸ. ಅದರ ಒಳಗಿನ ಕಾಯಿಲು ಸುಟ್ಟರೆ ಉಮರಸಾಬರು ನಿಲ್ದಾಣದ ಪಕ್ಕದ ತಮ್ಮ ಶೆಡ್ಡಿನಲ್ಲಿ ಕೂತು ಹೊಸ ತಾಮ್ರದ ತಂತಿ ಸುತ್ತಿ ಮನೆಗೆ ಕಳಿಸುವರು. ಮನೆಯಲ್ಲಿ ಅವರ ಹೆಂಡತಿ ತಾಜಬೀ ಮತ್ತು ಸೊಸೆ ಅದಕ್ಕೆ ಹತ್ತಿಯ ಪಟ್ಟಿ ಬಿಗಿದು, ವಾರ್ನಿಷಿನಲ್ಲಿ ಅದ್ದಿ, ರೊಟ್ಟಿಯ ಹಂಚು ಇಳಿಸಿದ ಮೇಲೆ ಒಲೆಯ ಪಕ್ಕದಲ್ಲಿ ಒಣಗಲಿಡುವರು. ಪಟ್ಟಿ ಒಂದು ಸುತ್ತು ಸಡಿಲಾದರೂ ತಾಜಬೀ ಪೂರ್ತಿ ಬಿಚ್ಚಿಸುತ್ತಿದ್ದರು. "ನಾವು ಸಡ್ಲ ಕಟ್ಟಿದ್ರ ಯಾವನರೆ ದಾರ್ಯಾಗ ಕತ್ತಲಾಗ ನಿಂದರತಾನ" ಎನ್ನುವರು.

ಆ ಶೆಡ್ಡಿಗೊಂದು ಪದ್ಧತಿಯಿತ್ತು. ರಿಪೇರಿಯಾದ ಡೈನಮೋವನ್ನು ಗಾಡಿಗೆ ಕೂಡಿಸಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು, ಬ್ಯಾಟರಿಯಿಂದ ಒಂದು ತಂತಿ ತಂದು ಅದರ ತಂತಿ ಕೂಡಿಸುವ ಮೊಳೆಗೆ ಚಟ್ಟನೆ ಮುಟ್ಟಿಸಿ ತೆಗೆಯಬೇಕು. ಒಂದು ನೀಲಿ ಕಿಡಿ ಹಾರುತ್ತದೆ. ಹಾಗೆ ಮಾಡಿದರೆ ಮಾತ್ರ ಬಿಚ್ಚಿ ಕಟ್ಟಿದ ಡೈನಮೋ ಮತ್ತೆ ಕರೆಂಟು ಕೊಡಲು ಶುರು ಮಾಡುತ್ತದೆ. ಉಮರಸಾಬರು ಅದಕ್ಕೆ ಜೀವ ಕೊಡುವುದು ಎನ್ನುತ್ತಿದ್ದರು. ಯಾರು ಬಿಚ್ಚಲಿ, ಯಾರು ಕೂಡಿಸಲಿ, ಕಿಡಿ ಮಾತ್ರ ಅವರ ಕೈಯಿಂದಲೇ. ಕೊಪ್ಪಳದಿಂದ ಇಳಕಲ್ಲಿನವರೆಗೆ ಓಡಾಡುವ ಡ್ರೈವರುಗಳು ಅವರು ಬಿಸ್ಮಿಲ್ಲಾ ಅಂದು ಕಿಡಿ ಮುಟ್ಟಿಸುವತನಕ ಸ್ಟೇರಿಂಗು ಮುಟ್ಟುತ್ತಿರಲಿಲ್ಲ.

ಮನೆಗೂ ಒಂದು ಪದ್ಧತಿಯಿತ್ತು. ಸೊಸೆ ಮಾವನ ಮುಂದೆ ನಿಂತು ಮಾತಾಡುವಂತಿರಲಿಲ್ಲ. ಏನಾದರೂ ಹೇಳಬೇಕಾದರೆ ಇಮಾಮಬಾನು ಪಡಸಾಲೆಯ ಕಂಬದ ಕಡೆ ನೋಡಿ, "ಸೀಮೆಎಣ್ಣಿ ಮುಗದೈತಿ" ಎನ್ನುವಳು. ಉಮರಸಾಬರೂ ಅದೇ ಕಂಬಕ್ಕೆ, "ಸಂಜಿಗೆ ತರ್ತೀನಿ" ಎನ್ನುವರು. ಎರಡು ವರ್ಷ ಹೀಗೇ ನಡೆಯಿತು. ಬೇಸರವೇನೂ ಇರಲಿಲ್ಲ. ಕಂಬದ ಮೂಲಕವೇ ಮಾವ ಅವಳಿಗೆ ಗಂಗಾವತಿಯ ಬಾಳೆಹಣ್ಣು ತರಿಸಿಕೊಟ್ಟಿದ್ದರು.

ಎಂಬತ್ನಾಲ್ಕನೇ ಇಸವಿಯಲ್ಲಿ ಅವಳ ಗಂಡ ಶಬ್ಬೀರಸಾಬ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಎಂಟು ತಿಂಗಳು ಕೆಲಸ ಕಲಿತು ಊರಿಗೆ ಬಂದ. ಬಂದ ಮೂರನೇ ದಿನ, ಪುಂಡಿಪಲ್ಲೆ ರೊಟ್ಟಿ ಉಣ್ಣುವಾಗ, ಅಪ್ಪನ ಮುಂದೆ ವಿಷಯ ತೆಗೆದ.

"ಯಪ್ಪಾ, ಇನ್ನ ಡೈನಮೋ ಸುತ್ತೋದು ಬಿಡೂಣು. ಹೊಸ ಗಾಡಿಗೆಲ್ಲ ಅದರ ಬದಲಿ ಆಲ್ಟರ್ನೇಟರ್ ಬರಾಕತ್ತಾವು. ಹಳೆ ಗಾಡಿಗೂ ಕೂಡಸಬಹುದು. ಎಂಜಿನ್ ನಿಧಾನಕ ತಿರುಗಿದ್ರೂ ಬ್ಯಾಟರಿ ತುಂಬತೈತಿ."

"ಕೆಟ್ರ?" ಎಂದರು ಉಮರಸಾಬರು.

"ಕೆಟ್ರ ಬಿಚ್ಚಿ ಹೊರಗ ಒಗದು ಬ್ಯಾರೆ ಹಾಕೋದು."

"ಒಗಿಯೋದು ಕಲಿಯಾಕ ಎಂಟ ತಿಂಗಳ ಬೇಕಾತೇನು?"

ಶಬ್ಬೀರ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಹುಬ್ಬಳ್ಳಿ ಮಾಲಕ ಬಾ ಅಂದಿದ್ದಾನೆ, ಇರಲಿಕ್ಕೆ ಖೋಲಿ ಕೊಡುತ್ತೇನೆ ಅಂದಿದ್ದಾನೆ, ಇಲ್ಲಿ ನಡೆಯದಿದ್ದರೆ ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೇ ಹೋಗಿಬಿಡುತ್ತೇನೆ ಎಂದ. ಉಮರಸಾಬರು ಹೆಂಡತಿಯ ಕಡೆ ತಿರುಗಿದರು.

"ನಿನ್ನ ಮಗಗ ಹೇಳು, ಹುಬ್ಬಳ್ಳಿಗೆ ದಿನಾ ಬಸ್ಸು ಅದಾವು."

ಅಂದಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಒಂದೇ ಶೆಡ್ಡಿನಲ್ಲಿ ಬೆನ್ನು ತಿರುಗಿಸಿ ಕೂತು ಕೆಲಸ ಮಾಡುವರು. ಹೇಳಬೇಕಾದ್ದನ್ನು ಮನೆಗೆ ಬಂದು ತಾಜಬೀಯ ಮುಂದೆ ಹೇಳುವರು. "ನಾನೇನು ಟಪಾಲ ಆಫೀಸೇನು" ಎಂದು ತಾಜಬೀ ಗೊಣಗಿದರೂ ಒಂದು ಮಾತನ್ನೂ ಬಂದ ಹಾಗೇ ಮುಟ್ಟಿಸಲಿಲ್ಲ. ಅವರು ಮಾತಿಗೆ ಜರಡಿ ಹಿಡಿಯುತ್ತಿದ್ದರು. "ಅವರಿಗೆ ಹೇಳು, ನನ್ನ ನಟ್ಟು ಬಿಚ್ಚೋ ಪಾನಾ ಮುಟ್ಟಬಾರದು" ಎಂದು ಮಗ ಅಂದರೆ, ಗಂಡನಿಗೆ ಅದು "ನಿಮ್ಮ ಪಾನಾ ಎಲ್ಲಾ ತಾನ ಒರಸಿ ಇಡ್ತಾನಂತ" ಎಂದು ತಲುಪುವುದು. "ಆ ಶಾಣ್ಯಾಗ ಹೇಳು, ಶೆಡ್ಡಿನ ಕೀಲಿ ಇನ್ನೂ ನನ್ನ ಉಡದಾರಕ್ಕ ಐತಿ" ಎಂದು ಗಂಡ ಅಂದರೆ, ಮಗನಿಗೆ ಅದು "ನಿಮ್ಮಪ್ಪ ಜಲ್ದಿ ಹೋಗಿ ಬಾಗಲಾ ತಗೀತಾರಂತ, ನೀ ಸಾವಕಾಶ ಉಂಡು ಹೋಗು" ಎಂದಾಗುವುದು. ಒಲೆಯ ಮುಂದೆ ಕೂತ ಇಮಾಮಬಾನು ಎರಡನ್ನೂ ಕೇಳಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ, ಡೈನಮೋ ಎಂಬ ಹೆಸರನ್ನೇ ಕೇಳದ ಡ್ರೈವರುಗಳು ಆ ರಸ್ತೆಯಲ್ಲಿ ಓಡಾಡುವ ಕಾಲದಲ್ಲೂ, ಆ ದಿನಗಳನ್ನು ನೆನೆದರೆ ಅವಳಿಗೆ ಮೊದಲು ಬರುತ್ತಿದ್ದುದು ಆ ನಗುವೇ. ಉಳಿದದ್ದು ಆಮೇಲೆ ಬರುತ್ತಿತ್ತು.

ಮೊದಲ ಆಲ್ಟರ್ನೇಟರ್ ಹಾಕಿಸಿಕೊಂಡವನು ಕುಕನೂರಿನ ದೊಡ್ಡಬಸಪ್ಪ. ಸ್ವಂತ ಲಾರಿಯನ್ನು ತಾನೇ ಓಡಿಸುವವ, ಹನ್ನೆರಡು ವರ್ಷದ ಗಿರಾಕಿ. ಶೆಡ್ಡಿಗೆ ಬಂದವನೇ ಉಮರಸಾಬರ ಎದುರು ಕೂತು ಅಂದನಂತೆ: "ಸಿಟ್ಟಾಗಬ್ಯಾಡ ಉಮರಸಾಬ. ನಿನ್ನ ಡೈನಮೋ ನಮ್ಮ ಮುತ್ಯಾ ಇದ್ದಂಗ ಆಗೈತಿ. ಹಗಲೆಲ್ಲಾ ಛಲೋ ಇರತೈತಿ, ಹೊತ್ತು ಮುಣಗಿತಂದ್ರ ಕಣ್ಣು ಕಾಣಂಗಿಲ್ಲ. ನಿನ್ನ ಮಗ ಹೇಳೋದನ್ನ ಒಮ್ಮಿ ನೋಡೂಣು." ಉಮರಸಾಬರು, ಗಾಡಿ ನಿನ್ನದು, ಎಂದು ಎದ್ದು ಹೋದರಂತೆ.

ಶಬ್ಬೀರ ಹುಬ್ಬಳ್ಳಿಗೆ ಹೋಗಿ ಆಲ್ಟರ್ನೇಟರಿನ ಪೆಟ್ಟಿಗೆ ತಂದ. ಕೂಡಿಸುವ ಹಿಂದಿನ ದಿನ ಅವ್ವನ ಮುಂದೆ ಕೂತು, ಒಲೆಯ ಬಳಿಯಿದ್ದ ಹೆಂಡತಿಗೂ ಕೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದ.

"ಅಪ್ಪಗ ಇಷ್ಟ ಹೇಳು. ಇದಕ್ಕ ಕಿಡಿ ಮುಟ್ಟಸಬಾರದು. ಒಳಗ ಡಯೋಡ ಅಂತ ಇರ್ತಾವು, ಸುಟ್ಟ ಹೋಗ್ತಾವು. ಇದರ ಮ್ಯಾಲೆ ಅವರು ಕೈನ ಇಡಬಾರದು."

ತಾಜಬೀ ಹೂಂ ಅಂದರು. ಸಂಜೆ ಗಂಡನಿಗೆ ನೀರು ಕೊಡುವಾಗ ಹೇಳಿದರು: "ನಾಳೆ ಗಾಡಿದು ಎಲ್ಲಾ ತಾನ ನೋಡಿಕೋತಾನಂತ. ನೀವು ದಣೀಬ್ಯಾಡ್ರಿ ಅಂತ ಹೇಳ್ಯಾನ." ಉಮರಸಾಬರು ಲೋಟ ಕೆಳಗಿಟ್ಟರು. "ಹಂಗಂದನ?" ಎಂದರು. ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ಮರುದಿನ ಶುಕ್ರವಾರ. ಇಮಾಮಬಾನು ಬುತ್ತಿ ತೆಗೆದುಕೊಂಡು ಹೋದಾಗ ಲಾರಿಯ ಬಾನೆಟ್ಟು ತೆರೆದಿತ್ತು, ಆಲ್ಟರ್ನೇಟರ್ ಕೂತಿತ್ತು. ಶಬ್ಬೀರ ಕೈಕಾಲು ತೊಳೆದುಕೊಂಡು ನಮಾಜಿಗೆ ಹೋಗಿದ್ದ. ಉಮರಸಾಬರು ಎಂದಿಗಿಂತ ಮೊದಲೇ ನಮಾಜು ಮುಗಿಸಿ ಹಿಂದಿರುಗಿದ್ದರು. ಸೊಸೆ ಬಂದದ್ದನ್ನು ಅವರು ಕಾಣಲಿಲ್ಲ. ಟೋಪಿ ಸರಿ ಮಾಡಿಕೊಂಡು, ಬ್ಯಾಟರಿಯ ತಂತಿ ಕೈಗೆ ತೆಗೆದುಕೊಂಡು, ಆ ಹೊಸ ವಸ್ತುವನ್ನು ಎರಡೂ ಕಡೆಯಿಂದ ಬಗ್ಗಿ ನೋಡಿ ಒಂದು ಮೊಳೆ ಹುಡುಕಿದರು. ಬಿಸ್ಮಿಲ್ಲಾ ಅಂದರು. ಕಿಡಿ ಹಾರಿತು. ಆಮೇಲೆ ಮಗನ ಪಾನಾಗಳನ್ನು ಒರೆಸಿ ಸಾಲಾಗಿ ಇಟ್ಟು, ತಮ್ಮ ಜಾಗಕ್ಕೆ ಹೋಗಿ ಕೂತರು.

ಇಮಾಮಬಾನು ಬುತ್ತಿಯನ್ನು ಬಾಗಿಲಲ್ಲಿಟ್ಟು ಸದ್ದಿಲ್ಲದೆ ಮನೆಗೆ ಬಂದಳು. ಮಾವನ ಸಿಟ್ಟು ಇಳಿಯಿತು ಎಂದು ಅವಳು ತಿಳಿದಳು. ಬೇಡವೆಂದ ಕೆಲಸವನ್ನು ಅವರು ಬೇಕೆಂದೇ ಮಾಡುವವರಲ್ಲ, ಗಂಡನೇ ಆಮೇಲೆ ಒಪ್ಪಿರಬೇಕು ಎಂದುಕೊಂಡಳು. ಕಿಡಿ ಬೇಡವೆಂಬ ಮಾತು ಹಿಂದಿನ ಸಂಜೆ ಅತ್ತೆಯ ಜರಡಿಯಲ್ಲೇ ಉಳಿದದ್ದು ಆಗ ಅವಳಿಗೆ ನೆನಪಾಗಲಿಲ್ಲ. ಎರಡು ದಿನ ಆ ನೋಟವನ್ನು ಒಬ್ಬಳೇ ಇಟ್ಟುಕೊಂಡಳು.

ಲಾರಿ ಅವತ್ತು ಶುರುವಾಗಿ ಹೋಗೇ ಹೋಯಿತು. ಬ್ಯಾಟರಿಯಲ್ಲಿ ಇದ್ದದ್ದು ಎರಡು ದಿನ ಸಾಕಾಯಿತು. ಭಾನುವಾರ ದೊಡ್ಡಬಸಪ್ಪ ತನ್ನ ತಂಗಿಯ ಮಗನ ಮದುವೆಯ ದಿಬ್ಬಣವನ್ನು ಅದೇ ಲಾರಿಯಲ್ಲಿ ತುಂಬಿಕೊಂಡು ತಾವರಗೇರಿ ಕಡೆ ಹೊರಟ. ಯಲಬುರ್ಗಾ ದಾಟುತ್ತಿದ್ದ ಹಾಗೆ ಕತ್ತಲಾಯಿತು, ದೀಪ ಮಂಕಾಯಿತು, ಕೊನೆಗೆ ಆರಿಯೇ ಹೋಯಿತು. ಬೆಳಕು ಹರಿಯುವತನಕ ದಿಬ್ಬಣ ರಸ್ತೆಯ ಬದಿಗೇ ಕೂತಿತು. ಬೆಳಿಗ್ಗೆ ಸ್ಟಾರ್ಟರು ತಿರುಗಲಿಲ್ಲ. ಎಲ್ಲರೂ ಇಳಿದು ತಳ್ಳಿದರು. ಹೊಸ ಇಳಕಲ್ ಸೀರೆಯುಟ್ಟ ಹೆಂಗಸರೂ ಹೆಗಲು ಕೊಟ್ಟರು. ಲಾರಿ ಎದ್ದಿತು, ಆದರೆ ಮುಹೂರ್ತ ಮೀರಿತ್ತು.

ಸೋಮವಾರ ಸಂಜೆ ದೊಡ್ಡಬಸಪ್ಪ ಶೆಡ್ಡಿನ ಮುಂದೆ ನಿಂತು, ಬಸ್ ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಮಾತಾಡಿದ. "ತಮ್ಮಾ, ಹುಬ್ಬಳ್ಳಿಯಾಗ ನಿನಗ ಲಾರಿ ತಳ್ಳೋದು ಕಲಿಸಿ ಕಳಿಸ್ಯಾರೇನು? ಮದುಮಗನ ಬಾಸಿಂಗ ಕೊಳ್ಳಾಗ ಜೋತ ಬಿದ್ದಿತ್ತು, ತಳ್ಳಿ ತಳ್ಳಿ." ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಕೂತವರು ನಕ್ಕರು. ಆಲ್ಟರ್ನೇಟರನ್ನು ಬಿಚ್ಚಿಸಿ ನೆಲಕ್ಕಿಡಿಸಿ, ಹಳೆಯ ಡೈನಮೋವನ್ನೇ ಉಮರಸಾಬರ ಕೈಯಿಂದ ಕೂಡಿಸಿಕೊಂಡು ಹೋದ.

ರಾತ್ರಿ ಉಣ್ಣುವಾಗ ಉಮರಸಾಬರು "ಅವಗ ಇನ್ನೊಂದು ರೊಟ್ಟಿ ಹಾಕು" ಎಂದು ಹೆಂಡತಿಗೆ ಮೆಲ್ಲಗೆ ಹೇಳಿದರು. ಶಬ್ಬೀರನಿಗೆ ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಅವನು ಉಣ್ಣದೆ ಎದ್ದು, ಅಂಗಳದಲ್ಲಿ ಗೋಣಿ ಹಾಸಿ ಆಲ್ಟರ್ನೇಟರ್ ಬಿಚ್ಚಿದ. ಇಮಾಮಬಾನು ಕಂದೀಲು ಹಿಡಿದಳು. ಅಂಗಿಯ ಗುಂಡಿಯಷ್ಟು ಸಣ್ಣ ಆರು ಡಯೋಡುಗಳಲ್ಲಿ ಮೂರು ಕಪ್ಪಾಗಿದ್ದವು.

"ಕಿಡಿ ಮುಟ್ಟಿಸಿದ್ರ ಹಿಂಗ ಸುಡತಾವು" ಎಂದ ಶಬ್ಬೀರ. "ಆದ್ರ ಯಾರ ಮುಟ್ಟಸ್ತಾರ? ಅವ್ವನ ಕೈಲೆ ಹೇಳಿ ಕಳಿಸಿದ್ದೆ. ನಾನ ಬ್ಯಾಟರಿ ತಂತಿ ಅದಲು ಬದಲು ಮಾಡಿರಬೇಕು. ನನ್ನ ಕೈಯಾಗ ಈ ಕೆಲಸ ಇಲ್ಲ ಬಿಡು."

ಅವಳು ಕಂದೀಲಿನ ಬತ್ತಿ ತಗ್ಗಿಸಿದಳು. ಅವನು ಎಣ್ಣೆ ಉಳಿಸಲಿಕ್ಕೆ ಎಂದುಕೊಂಡ.

ಆಮೇಲಿನ ದಿನಗಳಲ್ಲಿ ಶಬ್ಬೀರ ಶೆಡ್ಡಿಗೆ ಹೋಗಿ ಕೂತು ಬರುತ್ತಿದ್ದ. ಕೂಡಿಸಿದ ತಂತಿಯನ್ನೇ ಮೂರು ಸಲ ಬಿಚ್ಚಿ ಕೂಡಿಸುತ್ತಿದ್ದ. ಡ್ರೈವರುಗಳು ಅವನನ್ನು ದಾಟಿ ಅಪ್ಪನ ಹತ್ತಿರ ಹೋಗುತ್ತಿದ್ದರು. ಒಂದು ದಿನ ಹುಬ್ಬಳ್ಳಿಗೆ ಕಾಗದ ಬರೆದ. ಅಲ್ಲಿ ಮಾಲಕನ ಕೈಕೆಳಗೆ ಬರೀ ಸಾಮಾನು ಎತ್ತಿಕೊಟ್ಟುಕೊಂಡು ಇರುತ್ತೇನೆ, ಯಾರ ಗಾಡಿಗೂ ಕೈ ಹಚ್ಚುವುದಿಲ್ಲ ಎಂದು ಹೆಂಡತಿಗೆ ಹೇಳಿದ. ಮೊದಲು ತಾನು ಹೋಗಿ ಖೋಲಿ ನೋಡುವುದು, ತಿಂಗಳೊಪ್ಪತ್ತಿನಲ್ಲಿ ಅವಳನ್ನು ಕರೆಸಿಕೊಳ್ಳುವುದು ಎಂದು ಗೊತ್ತಾಯಿತು.

ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ಇಮಾಮಬಾನು, ಅತ್ತೆಯ ಜೊತೆ ಕಾಯಿಲಿಗೆ ಪಟ್ಟಿ ಬಿಗಿಯುವಾಗ, ತಲೆಯೆತ್ತದೆ ಹೇಳಿದಳು.

"ಅತ್ತಿ, ಅವತ್ತು ಶುಕ್ರವಾರ ಮಾವಾರು ಅದಕ್ಕ ಕಿಡಿ ಮುಟ್ಟಿಸಿದ್ರು. ನಾ ಕಣ್ಣಾರೆ ನೋಡೀನಿ."

ತಾಜಬೀಯ ಕೈಯಿಂದ ಪಟ್ಟಿಯ ಉಂಡೆ ಉರುಳಿ ಒಲೆಯ ಬೂದಿಯಲ್ಲಿ ಬಿತ್ತು. ಅವರು ಅದನ್ನು ಎತ್ತಲಿಲ್ಲ.

"ಅಪ್ಪಗ ಕೈ ಇಡಬ್ಯಾಡ ಅನ್ನೋ ಮಾತನ್ನ ನಾ ಹ್ಯಾಂಗ ಒಯ್ಲಿ ಬಾನು? ಸಿಟ್ಟಿಗೆ ಅಂದಾನ ಅನಕೊಂಡೆ."

"ಸುಡತೈತಿ ಅಂತನೂ ಅಂದಿದ್ರಲ್ರಿ."

"ಅಂದಿದ್ದ." ತಾಜಬೀ ಸೊಸೆಯ ಮೊಣಕೈ ಹಿಡಿದರು. "ಮೂವತ್ತು ವರ್ಷ ಅವರ ಕೈ ನಂಬಿ ಮಂದಿ ಗಾಡಿ ಬಿಟ್ಟಾರ. ಆ ಕೈಲೇ ಸುಟ್ಟಿತು ಅಂತ ತಿಳೀತಂದ್ರ ಅವರು ಮತ್ತ ಪಾನಾ ಹಿಡಿಯಂಗಿಲ್ಲ. ನಿನ್ನ ಗಂಡ ಹರೇದಾಂವ. ಎಲ್ಲಿ ಹೋದ್ರೂ ಬದುಕ್ತಾನ. ನೀ ಬಾಯಿ ಬಿಡಬ್ಯಾಡ ನಮ್ಮವ್ವ."

"ಬದುಕ್ತಾರ್ರಿ. ಕೆಲಸ ಬಿಟ್ಟು ಬದುಕ್ತಾರ" ಎಂದಳು ಇಮಾಮಬಾನು.

ತಾಜಬೀ ಬೂದಿಯಲ್ಲಿದ್ದ ಉಂಡೆ ಎತ್ತಿ ಒರೆಸಿದರು. ಆ ದಿನ ಕಟ್ಟಿದ ಪಟ್ಟಿ ಸಡಿಲಾಗಿತ್ತು. ಇಬ್ಬರೂ ಅದನ್ನು ಬಿಚ್ಚಲಿಲ್ಲ.

ಹೊರಡುವ ದಿನ ಸಂತೆಯಿತ್ತು. ಹನ್ನೊಂದರ ಬಸ್ಸು. ಶಬ್ಬೀರ ಇಸ್ತ್ರಿ ಅಂಗಿ ಹಾಕಿಕೊಂಡು ಒಳಗೆ ಕೂತಿದ್ದ. ಟ್ರಂಕು ಬಾಗಿಲ ಹತ್ತಿರವಿತ್ತು. ತಾಜಬೀ ನೀರಿಗೆ ಹೋಗಿದ್ದರು. ಉಮರಸಾಬರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಇಮಾಮಬಾನು ಹೊಸ್ತಿಲು ದಾಟಿ ಬಂದು ಅವರ ಎದುರಿಗೆ ನಿಂತಳು.

"ಮಾವಾರ."

ಉಮರಸಾಬರು ಯಾರು ಕರೆದರೆಂದು ಓಣಿಯ ಕಡೆ ನೋಡಿದರು. ಆಮೇಲೆ ಅವಳ ಮುಖ ನೋಡಿದರು.

"ಏನವ್ವಾ?"

ಅವಳು ಹೇಳಿದಳು. ಶುಕ್ರವಾರದ್ದು, ತಂತಿಯದ್ದು, ಕಪ್ಪಾದ ಮೂರು ಡಯೋಡುಗಳದ್ದು. ಮಗ ಹೇಳಿ ಕಳಿಸಿದ ಮಾತು ನಿಮ್ಮತನಕ ಬರಲಿಲ್ಲ ಎಂದಳು. ಅತ್ತೆಯ ಹೆಸರು ತೆಗೆಯಲಿಲ್ಲ, ತೆಗೆಯುವ ಅಗತ್ಯವೂ ಇರಲಿಲ್ಲ.

"ಅವಗ ಗೊತ್ತೈತೇನು?"

"ಇಲ್ರಿ. ತಮ್ಮದ ತಪ್ಪು ಅಂತ ತಿಳದಾರ."

"ನಿನಗ ಎಷ್ಟ ದಿನದಿಂದ ಗೊತ್ತು?"

"ಮೂರ ವಾರ ಆತ್ರಿ."

"ಮೂರ ವಾರ ನನಗ ದಿನಾ ರೊಟ್ಟಿ ಬಡದು ಹಾಕೀದಿ" ಎಂದರು ಉಮರಸಾಬರು. ಬೈದದ್ದೋ ಹೊಗಳಿದ್ದೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಉಳಿದ ಚಹಾ ಕುಡಿದು, ಬಚ್ಚಲಿಗೆ ಹೋಗಿ, ಚಹಾದ ಕಪ್ಪು, ಬಸಿ ತಾವೇ ತೊಳೆದಿಟ್ಟರು. ಆ ಮನೆಯಲ್ಲಿ ಅವರು ಅಂಥ ಕೆಲಸ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಟೋಪಿ ಹಾಕಿಕೊಂಡು ಹೊರಟುಹೋದರು.

ತಾಜಬೀ ಕೊಡ ಇಳಿಸುವಷ್ಟರಲ್ಲಿ ತಿರುಗಿ ಬಂದರು. ಜೊತೆಗೆ ದೊಡ್ಡಬಸಪ್ಪ ಇದ್ದ. ಅವನು ಮೆಟ್ಟು ಕಳೆದು ಕಟ್ಟೆಯ ಮೇಲೆ ಕೂತು, ಒಳಗಿದ್ದ ಶಬ್ಬೀರನನ್ನು ಹೊರಗೆ ಕರೆದ.

"ತಮ್ಮಾ, ಈಗ ಹೋಟೆಲ್ನ್ಯಾಗ ಏನಾತಂತ ಕೇಳು. ಮಂದಿ ತುಂಬಿತ್ತು. ನಿಮ್ಮಪ್ಪ ಬಂದು ನಿಂತು, ಆ ಪೆಟಿಗಿ ಸುಟ್ಟಿದ್ದು ನನ್ನ ಕೈಲೆ, ಹುಡುಗನ ಕೈಲೆ ಅಲ್ಲ ಅಂದ. ಯಾರೂ ಕೇಳಿದ್ದಿಲ್ಲ. ತಾನ ಅಂದ. ನಗಬೇಕಂತ ಮಾಡಿದೆ, ನಗಿ ಬರಲಿಲ್ಲ." ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. "ಲಾರಿ ನಿಮ್ಮ ಶೆಡ್ಡಿನ ಮುಂದ ನಿಂತೈತಿ."

ಶಬ್ಬೀರ ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ. ತಾಜಬೀ ಬಾಯಿ ತೆರೆದರು.

"ತಪ್ಪು ನಂದೈತಿ, ನಾನ..."

"ನೀ ಸುಮ್ಮನಿರು" ಎಂದರು ಉಮರಸಾಬರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನ ಮ್ಯಾಲೆ ಅವಂದು ಅವನ ಹೇಳಲಿ. ನಂದು ನಾ ಹೇಳ್ತೀನಿ." ಅವರು ಮಗನ ಕಡೆ ತಿರುಗಿದರು. "ಆ ಡಯೋಡ ಅನ್ನೋವು ಬಿಡಿ ಸಿಗತಾವೇನು?"

"ಸಿಗತಾವು" ಎಂದ ಶಬ್ಬೀರ. ಒಂದೂವರೆ ತಿಂಗಳ ಮೇಲೆ ಅಪ್ಪನಿಗೆ ಹೇಳಿದ ಮೊದಲ ಮಾತು ಅದು. "ನನ್ನ ಕಡೆ ನಾಕು ಅದಾವು."

"ಮೂರು ಕೂಡಿಸಾಕ ಎಷ್ಟೊತ್ತು ಹಿಡೀತೈತಿ?"

"ಮಧ್ಯಾಹ್ನ ಆಕ್ಕೈತಿ."

"ನನಗ ದೂರ ನಿಂತು ನೋಡಾಕ ಬಿಡ್ತಿಯಿಲ್ಲ?"

ನಿಲ್ದಾಣದ ಕಡೆಯಿಂದ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಕಂಡಕ್ಟರು ಕೂಗುವುದು ಕೇಳುತ್ತಿತ್ತು. ದೊಡ್ಡಬಸಪ್ಪ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿದ. ಶಬ್ಬೀರ ಇಸ್ತ್ರಿ ಅಂಗಿಯ ತೋಳಿನ ಗುಂಡಿ ಬಿಚ್ಚುತ್ತಾ ಹೆಂಡತಿಯ ಕಡೆ ತಿರುಗಿದ.

"ನನ್ನ ಎಣ್ಣಿ ಅಂಗಿ ಎಲ್ಲಿ ಇಟ್ಟೀದಿ?"

ಬೇರೆ ಬಟ್ಟೆಗೆ ಕಲೆ ಹತ್ತಬಾರದೆಂದು ಅವಳು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದ್ದಳು. ಇಮಾಮಬಾನು ಬಾಗಿಲಲ್ಲೇ ಕೂತು ಚಿಲಕ ತೆಗೆದಳು. ಮೇಲಿದ್ದ ರೊಟ್ಟಿಯ ಗಂಟು ಎತ್ತಿ ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ಶೇಂಗಾ ಚಟ್ನಿಯ ಡಬ್ಬಿ, ಚಾದರ, ಎರಡು ಬಿಳಿ ಅಂಗಿ, ಟವೆಲು, ಎಲ್ಲವನ್ನೂ ಒಂದೊಂದಾಗಿ ಹೊರಗಿಡುತ್ತಾ ಹೋದಳು.